ಪಂಪ್ ಬದಲಿಸುವ ಮೊದಲು ಪೈಪ್ ನೋಡಿ: ಲಾರಿಯ ಡೀಸೆಲ್ ಲೈನ್ ದೋಷ ಹುಡುಕುವ ಬಗೆ

ಶಿರಾಡಿ ಘಾಟಿಯಲ್ಲಿ ನನ್ನ ಲಾರಿ ನಾಲ್ಕು ಸಲ ನಿಂತಿದೆ. ಮಂಗಳೂರಿನಿಂದ ಲೋಡ್ ತುಂಬಿಕೊಂಡು ಬರುವಾಗ ಗುಂಡ್ಯ ದಾಟಿ ಏರು ಶುರುವಾಗುತ್ತಿದ್ದ ಹಾಗೆ ಎಳೆತ ಕಡಿಮೆಯಾಗುತ್ತಿತ್ತು. ಆಮೇಲೆ ಕೆಮ್ಮಿ ಕೆಮ್ಮಿ ಆಫ್. ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗೇ ಇಲ್ಲವೇನೋ ಅನ್ನುವ ಹಾಗೆ ಸ್ಟಾರ್ಟ್! ಮೊದಲ ಸಲ ನಿಂತಾಗ ಫಿಲ್ಟರ್ ಹಾಕಿಸಿದೆ. ಎರಡನೇ ಸಲ ಒಂದು ಪಂಪ್ ಅಂಗಡಿಯವರು "ಪಂಪ್ ವೀಕ್ ಆಗಿದೆ" ಅಂದರು, ಬಿಚ್ಚಿಸಿ ಕ್ಯಾಲಿಬ್ರೇಶನ್ ಮಾಡಿಸಿದೆ. ಮೂರನೇ ಸಲ ಜಾಸ್ತಿ ಕೆಪಾಸಿಟಿಯ ಫೀಡ್ ಪಂಪ್ (ಟ್ಯಾಂಕಿನಿಂದ ಡೀಸೆಲ್ ಎಳೆದು ಮುಂದೆ ತಳ್ಳುವ ಸಣ್ಣ ಪಂಪ್) ಹಾಕಿಸಿದೆ. ಒಟ್ಟು 31,000 ರೂಪಾಯಿ ಕೈ ಬಿಟ್ಟಿತು. ನಾಲ್ಕನೇ ಟ್ರಿಪ್‌ನಲ್ಲೂ ಗಾಡಿ ಹೆಚ್ಚುಕಡಿಮೆ ಅದೇ ತಿರುವಿನಲ್ಲಿ ನಿಂತಿತು.

ಕಾರಣ ಏನಿತ್ತು ಅನ್ನುವುದನ್ನು ಅದರ ಜಾಗ ಬಂದಾಗ ಹೇಳುತ್ತೇನೆ. ಎಳೆತ ಇಲ್ಲ ಅಂದ ಕೂಡಲೇ ನಾವೆಲ್ಲ ಬೈಯುವುದು ಪಂಪನ್ನು. ಆದರೆ ಪಂಪ್‌ಗೆ ಡೀಸೆಲ್ ಬರುವ ದಾರಿ, ಅಲ್ಲಿಂದ ವಾಪಸ್ ಹೋಗುವ ದಾರಿ ಎರಡೂ ಸರಿ ಇಲ್ಲದಿದ್ದರೆ ಎಷ್ಟು ದೊಡ್ಡ ಪಂಪ್ ಹಾಕಿದರೂ ದುಡ್ಡು ದಂಡ.

ಡೀಸೆಲ್ ಸುತ್ತುವ ದಾರಿ

ಟ್ಯಾಂಕಿನೊಳಗಿನ ಜಾಲರಿ, ಅಲ್ಲಿಂದ ಪೈಪ್, ನೀರು ಬೇರೆ ಮಾಡುವ ಪ್ರೀ ಫಿಲ್ಟರ್, ಫೀಡ್ ಪಂಪ್, ದೊಡ್ಡ ಫಿಲ್ಟರ್, ಕೊನೆಗೆ ಸಿಲಿಂಡರ್‌ಗೆ ಡೀಸೆಲ್ ಚಿಮ್ಮಿಸುವ ನಾಝಲ್‌ಗಳಿಗೆ ಒತ್ತಡದಲ್ಲಿ ತಳ್ಳುವ ಮೇನ್ ಪಂಪ್. ಇದು ಹೋಗುವ ದಾರಿ. 4 ಕಿ.ಮೀ. ಮೈಲೇಜ್ ಕೊಡುವ ಲಾರಿ ಗಂಟೆಗೆ 40ರ ವೇಗದಲ್ಲಿ ಹೋದರೆ ಗಂಟೆಗೆ 10 ಲೀಟರ್ ಸುಡುತ್ತದೆ, ಅಷ್ಟೇ. ಫೀಡ್ ಪಂಪ್ ತಳ್ಳುವುದು ಅದಕ್ಕಿಂತ ಬಹಳ ಜಾಸ್ತಿ. ಮಿಕ್ಕಿದ್ದು ಓವರ್‌ಫ್ಲೋ ವಾಲ್ವ್ ದಾಟಿ ರಿಟರ್ನ್ ಪೈಪ್‌ನಲ್ಲಿ ಟ್ಯಾಂಕಿಗೆ ವಾಪಸ್ಸು. ನಾಝಲ್‌ಗಳಿಂದ ಒಸರುವ ಡೀಸೆಲ್ ಕೂಡ ಅದೇ ದಾರಿ ಹಿಡಿಯುತ್ತದೆ. ಪಂಪ್‌ನ ಬಿಸಿಯನ್ನೂ ಒಳಗೆ ಸೇರಿದ ಗಾಳಿಯನ್ನೂ ಹೊರಗೆ ಒಯ್ಯುವುದು ಈ ರಿಟರ್ನೇ.

ಒಂದು ಮಾತು ಚೆನ್ನಾಗಿ ನೆನಪಿರಲಿ. ಟ್ಯಾಂಕಿನಿಂದ ಫೀಡ್ ಪಂಪ್‌ವರೆಗೆ ಡೀಸೆಲ್ ಎಳೆಯಲ್ಪಡುತ್ತದೆ. ಅಲ್ಲಿ ಎಲ್ಲಾದರೂ ಲೂಸ್ ಇದ್ದರೆ ಗಾಳಿ ಒಳಗೆ ಹೋಗುತ್ತದೆ, ಡೀಸೆಲ್ ಹೊರಗೆ ಸೋರುವುದಿಲ್ಲ. ಕೆಳಗೆ ಒಂದು ಹನಿ ಬಿದ್ದಿರಲ್ಲ, ಜಾಯಿಂಟ್ ಒಣಗಿಕೊಂಡೇ ಇರುತ್ತದೆ. ಫೀಡ್ ಪಂಪ್ ದಾಟಿದ ಮೇಲೆ ಒತ್ತಡ ಇರುವುದರಿಂದ ಅಲ್ಲಿ ಲೂಸ್ ಇದ್ದರೆ ಒದ್ದೆಯಾಗುತ್ತದೆ. "ಎಲ್ಲೂ ಲೀಕೇಜ್ ಇಲ್ಲ" ಅನ್ನುವವರು ಅರ್ಧ ಲೈನ್ ಮಾತ್ರ ನೋಡಿರುತ್ತಾರೆ.

ಲಾರಿಗಳಲ್ಲಿ ಎರಡು ಜಾತಿ. ಹಳೆಯವು ಹೆಚ್ಚಾಗಿ ಸಾಲು ಪಂಪ್ (ಸಿಲಿಂಡರ್‌ಗೆ ಒಂದರಂತೆ ಸಾಲಾಗಿ ತಳ್ಳುವ ದಂಡಗಳಿರುವ ಪಂಪ್) ಇರುವ ಮೆಕ್ಯಾನಿಕಲ್ ಗಾಡಿಗಳು. ನಮ್ಮ ಕಡೆ ಪಂಪ್ ಅಂದರೆ ಇವತ್ತಿಗೂ ಮೈಕೊ. 1951ರಲ್ಲಿ ಶುರುವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಆ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಆಯಿತು, ಡ್ರೈವರ್‌ಗಳ ಬಾಯಲ್ಲಿ ಮಾತ್ರ ಹೆಸರು ಬದಲಾಗಲಿಲ್ಲ. ಎರಡನೆಯದು ಕಾಮನ್ ರೈಲ್ ಗಾಡಿಗಳು, ಅಂದರೆ ರೈಲ್ ಅನ್ನುವ ಒಂದೇ ಪೈಪಿನಲ್ಲಿ ಹೈ ಪ್ರೆಷರ್ ಡೀಸೆಲ್ ಕೂಡಿಟ್ಟು ಎಲ್ಲ ಸಿಲಿಂಡರ್‌ಗೂ ಹಂಚುವವು. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್ 6 ಹೊಗೆ ನಿಯಮದ ಲಾರಿಗಳು ಈ ಸಾಲಿಗೆ ಸೇರುತ್ತವೆ. ಹಳೆಯ ಗಾಡಿಯಲ್ಲಿ ಮಾಡುವ ಎಷ್ಟೋ ಕೆಲಸ ಹೊಸದರಲ್ಲಿ ಮಾಡಲೇಬಾರದು. ಎಲ್ಲೆಲ್ಲಿ ಅಂತ ಆಯಾ ಜಾಗದಲ್ಲಿ ಬರೆದಿದ್ದೇನೆ.

ಕೈ ಹಾಕುವ ಮುಂಚೆ

ಗಾಡಿ ಸಮತಟ್ಟಾದ ಜಾಗದಲ್ಲಿರಲಿ. ಹ್ಯಾಂಡ್ ಬ್ರೇಕ್ ಜೊತೆಗೆ ಚಕ್ರಕ್ಕೆ ಕಟ್ಟೆಯನ್ನೂ ಕೊಡಿ. ಕ್ಯಾಬಿನ್ ಎತ್ತಿದರೆ ಅದರ ಲಾಕ್ ಬಿದ್ದಿದೆಯಾ ಅಂತ ಕೈಯಲ್ಲಿ ಮುಟ್ಟಿ ನೋಡಿ.

ಡೀಸೆಲ್‌ಗೆ ಅಷ್ಟು ಬೇಗ ಬೆಂಕಿ ಹಿಡಿಯಲ್ಲ ಅನ್ನುವ ಧೈರ್ಯ ನಮ್ಮಲ್ಲಿ ಜಾಸ್ತಿ. ನಮ್ಮ ದೇಶದ ಡೀಸೆಲ್‌ಗೆ ನಿಗದಿಯಾಗಿರುವ ಕನಿಷ್ಠ ಫ್ಲ್ಯಾಷ್ ಪಾಯಿಂಟ್, ಅಂದರೆ ಕಿಡಿ ತಾಗಿದರೆ ಆವಿ ಹೊತ್ತಿಕೊಳ್ಳುವ ಬಿಸಿ, 35 ಡಿಗ್ರಿ. ರಾಯಚೂರಿನ ಏಪ್ರಿಲ್ ಬಿಸಿಲು ಅದನ್ನು ಆರಾಮಾಗಿ ದಾಟುತ್ತದೆ. ಅದಕ್ಕೇ ಬೀಡಿ ಬೇಡ, ಟ್ಯಾಂಕಿಗೆ ಇಣುಕಲು ಬೆಂಕಿಕಡ್ಡಿ ಅಂತೂ ಬೇಡವೇ ಬೇಡ. ತೂತಾದ ಟ್ಯಾಂಕನ್ನು ಹಾಗೇ ವೆಲ್ಡಿಂಗ್‌ಗೆ ಕೊಡಬೇಡಿ. ಖಾಲಿ ಟ್ಯಾಂಕಿನೊಳಗಿನ ಆವಿಯೇ ಸಿಡಿಯುತ್ತದೆ.

ಇನ್ನೊಂದು ಇದಕ್ಕಿಂತ ದೊಡ್ಡದು. ಕಾಮನ್ ರೈಲ್ ಗಾಡಿಯಲ್ಲಿ ರೈಲ್ ಒತ್ತಡ 1,600 ಬಾರ್ ಮೀರಬಹುದು. ಹಳೆಯ ಗಾಡಿಯ ನಾಝಲ್ ಕೂಡ 200 ಬಾರ್ ಸುತ್ತಮುತ್ತ ತೆರೆಯುತ್ತದೆ. ಈ ಒತ್ತಡದ ಸಣ್ಣ ಎಳೆ ಕೈಗೆ ತಾಗಿದರೆ ಚರ್ಮ ತೂರಿ ಒಳಗೆ ಹೋಗುತ್ತದೆ. ಸೊಳ್ಳೆ ಕಚ್ಚಿದ ಗುರುತಿನಷ್ಟೇ ಕಾಣುತ್ತದೆ, ಆಮೇಲೆ ಬೆರಳು ಕೊಳೆಯುತ್ತದೆ. ಹಾಗಾದರೆ ತಕ್ಷಣ ಆಸ್ಪತ್ರೆಗೆ ಹೋಗಿ, "ಪ್ರೆಷರ್ ಡೀಸೆಲ್ ಒಳಗೆ ಹೋಗಿದೆ" ಅಂತಲೇ ಹೇಳಿ. ಕಾಮನ್ ರೈಲ್ ಎಂಜಿನ್ ಓಡುವಾಗ ಹೈ ಪ್ರೆಷರ್ ಪೈಪಿನ ನಟ್ ಸಡಿಲ ಮಾಡುವ ಮಾತೇ ಇಲ್ಲ. ಲೀಕ್ ಹುಡುಕಬೇಕಾದರೆ ರಟ್ಟಿನ ತುಂಡು ಹಿಡಿಯಿರಿ, ಕೈ ಅಲ್ಲ.

ಬೆಳಗ್ಗೆ ಸ್ಟಾರ್ಟ್ ಆಗಲ್ಲ, ಆದ ಮೇಲೆ ಇಡೀ ದಿನ ತೊಂದರೆ ಇಲ್ಲ

ಮೊದಲು ಬ್ಯಾಟರಿ ಬಿಟ್ಟುಬಿಡೋಣ. ಸೆಲ್ಫ್ ಜೋರಾಗಿ ತಿರುಗುತ್ತಿದೆ, ಎಂಜಿನ್ ಹಿಡಿಯುತ್ತಿಲ್ಲ ಅಂದರೆ ಮಾತ್ರ ಮುಂದೆ ಓದಿ.

ಸೆಲ್ಫ್ ಹೊಡೆಯುವಾಗ ಸೈಲೆನ್ಸರ್ ಕಡೆ ಒಬ್ಬರನ್ನು ನಿಲ್ಲಿಸಿ. ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಸಿಲಿಂಡರ್‌ಗೆ ತಲುಪುತ್ತಿದೆ, ಸುಡುತ್ತಿಲ್ಲ. ಆಗ ಟೈಮಿಂಗ್, ಕಂಪ್ರೆಶನ್, ನಾಝಲ್ ಕಡೆ ಯೋಚಿಸಬೇಕು. ಹೊಗೆಯೇ ಇಲ್ಲವಾದರೆ ಡೀಸೆಲ್ ಅಲ್ಲಿವರೆಗೆ ಹೋಗೇ ಇಲ್ಲ.

ಹೊಗೆ ಇಲ್ಲದಿದ್ದರೆ ಹ್ಯಾಂಡ್ ಪ್ರೈಮರ್, ಅಂದರೆ ಲೈನಿಗೆ ಕೈಯಿಂದಲೇ ಡೀಸೆಲ್ ತುಂಬಲು ಒತ್ತುವ ಗುಂಡಿ, ನೋಡಿ. ಈ ಪುಟ್ಟ ಗುಂಡಿಯಷ್ಟು ಚೆನ್ನಾಗಿ ಸುದ್ದಿ ಹೇಳುವ ಭಾಗ ಲಾರಿಯಲ್ಲಿ ಬೇರೆ ಇಲ್ಲ. ಎರಡು ಮೂರು ಸಲ ಒತ್ತಿದ ಕೂಡಲೇ ಗಟ್ಟಿಯಾದರೆ ಲೈನ್ ತುಂಬಿದೆ. ಇಪ್ಪತ್ತು ಮೂವತ್ತು ಸಲ ಪುಸುಪುಸು ಅಂದು ಆಮೇಲೆ ಗಟ್ಟಿಯಾಯಿತು, ಗಾಡಿ ಕೂಡ ತಕ್ಷಣ ಸ್ಟಾರ್ಟ್ ಆಯಿತು ಅಂದರೆ ರಾತ್ರಿಯೆಲ್ಲ ಡೀಸೆಲ್ ಟ್ಯಾಂಕಿಗೆ ಇಳಿದುಹೋಗಿದೆ. ಎಷ್ಟು ಒತ್ತಿದರೂ ಗಟ್ಟಿಯಾಗುವುದೇ ಇಲ್ಲ ಅಂದರೆ ಎಲ್ಲೋ ದೊಡ್ಡದಾಗಿ ಗಾಳಿ ಎಳೆಯುತ್ತಿದೆ, ಇಲ್ಲವೇ ಫೀಡ್ ಪಂಪಿನ ವಾಲ್ವ್ ಕೂರುತ್ತಿಲ್ಲ. ಒತ್ತಿ ಬಿಟ್ಟಾಗ ಮೇಲೆ ಎಳೆಯುವುದೇ ಕಷ್ಟ, ಯಾರೋ ಕೆಳಗೆ ಹಿಡಿದುಕೊಂಡ ಹಾಗೆ ಇದ್ದರೆ ಟ್ಯಾಂಕ್ ಕಡೆ ಬ್ಲಾಕ್ ಇದೆ.

ಡೀಸೆಲ್ ಇಳಿದುಹೋಗುತ್ತಿದೆ ಅನ್ನುವ ಅನುಮಾನಕ್ಕೆ ಒಂದು ಬಿಟ್ಟಿ ಪರೀಕ್ಷೆ ಇದೆ. ಒಂದು ರಾತ್ರಿ ಗಾಡಿಯ ಮೂತಿ ಇಳಿಜಾರಿನ ಕಡೆ ಮಾಡಿ ನಿಲ್ಲಿಸಿ. ಬೆಳಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆದರೆ ಅನುಮಾನ ನಿಜ. ಏರಿಗೆ ಮೂತಿ ಮಾಡಿ ನಿಲ್ಲಿಸಿದ ದಿನ ತೊಂದರೆ ಜಾಸ್ತಿ ಆಗುತ್ತದೆಯಾ, ಅದನ್ನೂ ಗಮನಿಸಿ.

ಇನ್ನು ಗಾಳಿ ಎಲ್ಲಿಂದ ನುಗ್ಗುತ್ತದೆ ಅಂತ ಹುಡುಕಬೇಕು. ನಾನು ನೋಡುವ ಕ್ರಮ ಇದು. ಪ್ರೈಮರ್ ಗುಂಡಿ ಪೂರ್ತಿ ತಿರುಗಿಸಿ ಕೂರಿಸಿದ್ದೀರಾ? ನಗಬೇಡಿ, ಎಷ್ಟೋ ಸಲ ಇಷ್ಟೇ ಇರುತ್ತದೆ. ಆಮೇಲೆ ಪ್ರೀ ಫಿಲ್ಟರ್ ಬಟ್ಟಲಿನ ರಬ್ಬರ್ ರಿಂಗ್. ಆಮೇಲೆ ಬ್ಯಾಂಜೋ ಬೋಲ್ಟ್‌ಗಳ (ಪೈಪ್ ಸೇರಿಸುವ, ಒಳಗೆ ಡೀಸೆಲ್ ಹರಿಯಲು ತೂತಿರುವ ಬೋಲ್ಟ್) ವಾಷರ್. ಹಳೆ ತಾಮ್ರದ ವಾಷರನ್ನೇ ತಿರುಗಿಸಿ ಹಾಕಿ ಬಿಗಿ ಮಾಡುವ ಅಭ್ಯಾಸ ನಮ್ಮಲ್ಲಿ ಎಲ್ಲರಿಗೂ ಇದೆ. ಒಮ್ಮೆ ಒತ್ತಿ ಗಟ್ಟಿಯಾದ ತಾಮ್ರ ಎರಡನೇ ಸಲ ಸರಿಯಾಗಿ ಕೂರುವುದಿಲ್ಲ. ಹೊಸ ವಾಷರ್‌ಗೆ ಬೀಳುವುದು ಒಂದು ಟೀ ದುಡ್ಡು. ಕೊನೆಗೆ ಹೋಸ್ ಕ್ಲಿಪ್‌ಗಳು, ಮತ್ತೆ ಚಾಸಿಗೆ ಉಜ್ಜಿ ಸವೆದ ಪೈಪ್.

ಕಣ್ಣಿಗೆ ಕಾಣದಿದ್ದರೆ ಡೀಸೆಲ್ ತಡೆಯುವ ಪಾರದರ್ಶಕ ಪೈಪ್ ಒಂದಡಿ ತಂದು ಫೀಡ್ ಪಂಪಿಗೆ ಬರುವ ಕಡೆ ಸೇರಿಸಿ. ಎಂಜಿನ್ ಓಡಿಸಿ ನೋಡಿ. ಮೊದಲ ಒಂದೆರಡು ನಿಮಿಷ ಗುಳ್ಳೆ ಬಂದು ನಿಂತರೆ ಸರಿ. ಬರುತ್ತಲೇ ಇದ್ದರೆ ತೂತು ಟ್ಯಾಂಕ್ ಮತ್ತು ಆ ಪೈಪ್ ನಡುವೆ ಇದೆ. ಈಗ ಒಂದೊಂದೇ ಜಾಯಿಂಟ್‌ಗೆ ದಪ್ಪಗೆ ಗ್ರೀಸ್ ಮೆತ್ತುತ್ತಾ ಬನ್ನಿ. ಯಾವುದಕ್ಕೆ ಮೆತ್ತಿದಾಗ ಗುಳ್ಳೆ ನಿಲ್ಲುತ್ತದೋ ಅದೇ ಕಳ್ಳ. ಇಲ್ಲಿ ಗುಳ್ಳೆ ಇಲ್ಲ, ಪೈಪನ್ನು ಪಂಪಿನ ರಿಟರ್ನ್ ಕಡೆಗೆ ಹಾಕಿದಾಗ ಇದೆ ಅಂದರೆ ಫೀಡ್ ಪಂಪ್ ಅಥವಾ ಅದರ ಪ್ರೈಮರ್ ಗಾಳಿ ಕುಡಿಯುತ್ತಿದೆ. ಪರೀಕ್ಷೆ ಮುಗಿದ ಮೇಲೆ ಪಾರದರ್ಶಕ ಪೈಪ್ ತೆಗೆದುಬಿಡಿ. ಬಿಸಿಗೆ ಅದು ಸೆಟೆದು ಬಿರುಕು ಬಿಡುತ್ತದೆ.

ಟ್ಯಾಂಕಿಗೆ ಕಂಪ್ರೆಸರ್ ಗಾಳಿ ಬಿಟ್ಟು ಲೀಕ್ ಹುಡುಕುವವರಿದ್ದಾರೆ. ನಾನು ಮಾಡುವುದಿಲ್ಲ. ಟ್ಯಾಂಕ್ ಉಬ್ಬಿ ಹೊಲಿಗೆ ಬಿಟ್ಟದ್ದನ್ನು ಕಣ್ಣಾರೆ ನೋಡಿದ್ದೇನೆ.

ಏರ್ ತೆಗೆಯುವಾಗ ಮೊದಲು ಫಿಲ್ಟರ್ ಮೇಲಿನ ಸ್ಕ್ರೂ, ಆಮೇಲೆ ಪಂಪಿನ ಸ್ಕ್ರೂ. ನೊರೆ ಹೋಗಿ ಶುದ್ಧ ಡೀಸೆಲ್ ಬಂದ ಮೇಲೆ ಬಿಗಿ ಮಾಡಿ. ಸೆಲ್ಫ್ ಒಂದೇ ಸಮನೆ 15 ಸೆಕೆಂಡಿಗಿಂತ ಜಾಸ್ತಿ ಹೊಡೆಯಬೇಡಿ, ನಡುವೆ ತಣ್ಣಗಾಗಲು ಬಿಡಿ. ನಾಝಲ್ ಪೈಪಿನ ನಟ್ ಸಡಿಲಿಸಿ ಏರ್ ತೆಗೆಯುವುದು ಹಳೆಯ ಗಾಡಿಗೆ ಮಾತ್ರ.

ರಸ್ತೆಯಲ್ಲಿ ಸರಿ, ಘಾಟಿಯಲ್ಲಿ ಎಳೆತ ಇಲ್ಲ

ಮೊದಲ ಪ್ರಶ್ನೆ: ಹೊಗೆ ಯಾವ ಬಣ್ಣ? ಎಳೆತವೂ ಇಲ್ಲ, ಕಪ್ಪು ಹೊಗೆಯೂ ಜೋರಾಗಿದೆ ಅಂದರೆ ಡೀಸೆಲ್ ಸಾಕಷ್ಟು ಹೋಗುತ್ತಿದೆ, ಗಾಳಿ ಸಾಲುತ್ತಿಲ್ಲ. ಏರ್ ಫಿಲ್ಟರ್, ಟರ್ಬೊ ಪೈಪ್, ಇಂಟರ್‌ಕೂಲರ್ ಹೋಸ್ ನೋಡಿ. ಇಲ್ಲವೇ ನಾಝಲ್ ಕೆಟ್ಟಿರಬಹುದು. ಇಂಥ ಗಾಡಿಗೆ ದೊಡ್ಡ ಫೀಡ್ ಪಂಪ್ ಹಾಕಿದರೆ ಹೊಗೆಯಲ್ಲಿ ಒಂದಿಷ್ಟೂ ಬದಲಾವಣೆ ಆಗುವುದಿಲ್ಲ. ಎಳೆತವೂ ಇಲ್ಲ, ಹೊಗೆಯೂ ಇಲ್ಲ ಅಂದರೆ ಮಾತ್ರ ಡೀಸೆಲ್ ಹೊಟ್ಟೆಗೆ ಸಾಲುತ್ತಿಲ್ಲ. ಈ ಒಂದು ನೋಟದಿಂದಲೇ ಅರ್ಧ ಖರ್ಚು ಉಳಿಯುತ್ತದೆ.

ಟ್ಯಾಂಕಿನಲ್ಲಿ ಡೀಸೆಲ್ ಎಷ್ಟಿದೆ? ಕಾಲು ಟ್ಯಾಂಕಿಗಿಂತ ಕಡಿಮೆ ಇದ್ದು ಗಾಡಿ ಏರಿಗೆ ನಿಂತರೆ ಡೀಸೆಲ್ ಒಂದು ಮೂಲೆಗೆ ಸರಿಯುತ್ತದೆ, ಪೈಪಿನ ತುದಿ ಬಯಲಾಗುತ್ತದೆ. ತುಂಬಿಸಿ ಮತ್ತೆ ಅದೇ ಏರು ಹತ್ತಿಸಿ ನೋಡಿ.

ಎಳೆತ ಬಿದ್ದ ಹೊತ್ತಿಗೆ ಗಾಡಿ ನಿಲ್ಲಿಸಿ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಉಸ್ ಅಂತ ಗಾಳಿ ಒಳಗೆ ಹೋದರೆ ಮುಚ್ಚಳದ ಉಸಿರುತೂತು ಮುಚ್ಚಿಕೊಂಡಿದೆ. ಡೀಸೆಲ್ ಕಳ್ಳತನಕ್ಕೆ ಹೆದರಿ ಮುಚ್ಚಳಕ್ಕೆ ಟ್ಯೂಬ್ ರಬ್ಬರ್ ಸುತ್ತಿ ಬೀಗ ಹಾಕುವವರಿಗೆ ಇದು ಬರುವುದು ಖಾತ್ರಿ.

ಪ್ರೀ ಫಿಲ್ಟರ್ ಕೆಳಗಿನ ಸ್ಕ್ರೂ ಬಿಚ್ಚಿ ಗಾಜಿನ ಲೋಟಕ್ಕೆ ಬಿಡಿ. ನೀರು ಕೆಳಗೆ ನಿಲ್ಲುತ್ತದೆ. ಕರಾವಳಿಯ ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಇಟ್ಟು ವಾರಗಟ್ಟಲೆ ನಿಲ್ಲಿಸಿದ ಗಾಡಿಯಲ್ಲಿ ನೀರು ಬಾರದಿದ್ದರೇ ಆಶ್ಚರ್ಯ. ಕಪ್ಪಗೆ ಲೋಳೆಯಂಥದ್ದು ಬಂದರೆ ನೀರು ಮತ್ತು ಡೀಸೆಲ್ ಸೇರುವ ಜಾಗದಲ್ಲಿ ಸೂಕ್ಷ್ಮಜೀವಿ ಬೆಳೆದಿದೆ. ಫಿಲ್ಟರ್ ಎಷ್ಟು ಸಲ ಬದಲಿಸಿದರೂ ತಿರುಗಿ ಕಟ್ಟಿಕೊಳ್ಳುತ್ತದೆ. ಟ್ಯಾಂಕೇ ಇಳಿಸಿ ತೊಳೆಸಬೇಕು.

ಫಿಲ್ಟರ್ ಹೊಸದಾಗಿದ್ದರೂ ತೊಂದರೆ ಹೋಗದಿದ್ದರೆ ರಬ್ಬರ್ ಹೋಸ್ ಕಡೆ ನೋಡಿ. ಹೊರಗೆ ಗಟ್ಟಿಮುಟ್ಟಾಗಿ ಕಾಣುವ ಹೋಸ್ ಒಳಗೆ ಊದಿಕೊಂಡು ಪದರ ಬಿಟ್ಟಿರುತ್ತದೆ. ಸಣ್ಣ ಎಳೆತಕ್ಕೆ ಸುಮ್ನೆ ಇರುತ್ತದೆ, ರೇಸ್ ಕೊಟ್ಟಾಗ ಒಳಪದರ ಬಾಗಿಲು ಹಾಕಿಕೊಂಡ ಹಾಗೆ ಮುಚ್ಚಿಕೊಳ್ಳುತ್ತದೆ. ಬಿಚ್ಚಿ ಬೆಳಕಿಗೆ ಹಿಡಿದು ನೋಡಿ.

ಇಲ್ಲಿಗೂ ಸಿಗದಿದ್ದರೆ ಕ್ಯಾನ್ ಪರೀಕ್ಷೆ. ಶುದ್ಧ ಡೀಸೆಲ್ ಇರುವ ಕ್ಯಾನ್ ಒಂದನ್ನು ಫೀಡ್ ಪಂಪಿಗಿಂತ ಎತ್ತರದಲ್ಲಿ ಗಟ್ಟಿಯಾಗಿ ಕಟ್ಟಿ. ಎಂಜಿನ್ ಬಿಸಿಗೆ, ಸೈಲೆನ್ಸರ್‌ಗೆ ದೂರವಿರಲಿ. ಫೀಡ್ ಪಂಪಿಗೆ ಅದರಿಂದ ನೇರ ಪೈಪ್ ಕೊಡಿ. ರಿಟರ್ನ್ ಟ್ಯಾಂಕಿಗೇ ಹೋಗಲಿ. ಕ್ಯಾನ್ ಬೇಗ ಖಾಲಿಯಾಗುತ್ತದೆ, ಯಾಕೆಂದರೆ ಸುಡುವುದಕ್ಕಿಂತ ಜಾಸ್ತಿ ಸುತ್ತುತ್ತದಲ್ವಾ! ಕ್ಯಾನ್‌ನಲ್ಲಿ ಎಂಜಿನ್ ಚೆನ್ನಾಗಿ ರೇಸ್ ತೆಗೆದುಕೊಂಡರೆ ಟ್ಯಾಂಕ್, ಜಾಲರಿ, ಪೈಪ್, ಪ್ರೀ ಫಿಲ್ಟರ್ ಇಷ್ಟರಲ್ಲೇ ದೋಷ ಇದೆ. ಪಂಪ್ ಬಿಚ್ಚಿಸುವ ಯೋಚನೆಯನ್ನು ಅಲ್ಲಿಗೇ ಬಿಡಿ. ನಿಂತ ಜಾಗದಲ್ಲಿ ಮಾಡುವ ಪರೀಕ್ಷೆ ಇದು, ಕ್ಯಾನ್ ಕಟ್ಟಿಕೊಂಡು ಲೋಡ್ ಸಮೇತ ಘಾಟಿ ಹತ್ತಬೇಡಿ.

ಕ್ಯಾನ್‌ನಲ್ಲೂ ಅದೇ ಕಥೆ ಅಂದರೆ 0ಯಿಂದ 4 ಬಾರ್ ತೋರಿಸುವ ಗೇಜ್ ಬೇಕು. ಫಿಲ್ಟರ್ ದಾಟಿ ಪಂಪಿಗೆ ಹೋಗುವ ಜಾಗದಲ್ಲಿ ಹಾಕಿ. ಸಾಲು ಪಂಪ್ ಗಾಡಿಗಳಲ್ಲಿ ರೇಸ್ ಕೊಟ್ಟಾಗ ಸಾಮಾನ್ಯವಾಗಿ 1ರಿಂದ 1.5 ಬಾರ್ ಸಿಗಬೇಕು, ದೊಡ್ಡ ಪಂಪ್‌ಗಳಿಗೆ ಇನ್ನೂ ಜಾಸ್ತಿ. ನಿಮ್ಮ ಗಾಡಿಯ ಮ್ಯಾನ್ಯುಯಲ್ ಹೇಳುವ ಅಂಕಿಯೇ ಅಂತಿಮ. ಫಿಲ್ಟರ್‌ಗೆ ಮುಂಚೆ ಒಂದು ಸಲ, ದಾಟಿದ ಮೇಲೆ ಒಂದು ಸಲ ಅಳೆದರೆ ಫಿಲ್ಟರ್ ಎಷ್ಟು ಒತ್ತಡ ತಿನ್ನುತ್ತಿದೆ ಅನ್ನುವುದೂ ಗೊತ್ತಾಗುತ್ತದೆ. ಓಡಿಸುತ್ತಾ ನೋಡಬೇಕಾದರೆ ಗೇಜನ್ನು ಗಾಜಿನ ಹೊರಗೆ ಕಾಣುವ ಹಾಗೆ ಕಟ್ಟಿ. ಡೀಸೆಲ್ ತುಂಬಿದ ಪೈಪನ್ನು ಕ್ಯಾಬಿನ್ ಒಳಗೆ ತರಬೇಡಿ.

ಒತ್ತಡ ಕಡಿಮೆ ಇದೆ ಅನ್ನೋಣ. ಹಳೆಯ ಸಾಲು ಪಂಪ್ ಗಾಡಿಯಲ್ಲಿ, ಪಿಸ್ಟನ್ ಜಾತಿಯ ಫೀಡ್ ಪಂಪ್ ಇದ್ದರೆ, ಐಡ್ಲಿಂಗ್‌ನಲ್ಲಿ ಪಂಪಿನ ರಿಟರ್ನ್ ಹೋಸನ್ನು ಎರಡು ಮೂರು ಸೆಕೆಂಡ್ ಒತ್ತಿ ಹಿಡಿಯಿರಿ. ಗೇಜ್ ಟಕ್ಕನೆ ಏರಿದರೆ ಫೀಡ್ ಪಂಪ್ ಗಟ್ಟಿ ಇದೆ, ಓವರ್‌ಫ್ಲೋ ವಾಲ್ವ್ ಬಿಟ್ಟುಕೊಡುತ್ತಿದೆ. ಅದರೊಳಗಿನ ಸ್ಪ್ರಿಂಗ್ ಸೋತಿರುತ್ತದೆ ಅಥವಾ ಕೂರುವ ಜಾಗ ಸವೆದಿರುತ್ತದೆ. ಸ್ಪ್ರಿಂಗ್ ಎಳೆದು ಉದ್ದ ಮಾಡಿ ಹಾಕುವ ಬುದ್ಧಿವಂತಿಕೆ ತಿಂಗಳು ಬಾಳುವುದಿಲ್ಲ. ವಾಲ್ವನ್ನೇ ಬದಲಿಸಿ. ಒತ್ತಿ ಹಿಡಿದರೂ ಗೇಜ್ ಏರದಿದ್ದರೆ ಫೀಡ್ ಪಂಪ್ ಸೋತಿದೆ, ಅದರ ವಾಲ್ವ್ ಮತ್ತು ಸ್ಪ್ರಿಂಗ್ ಕಿಟ್ ಮೊದಲು ಹಾಕಿಸಿ.

ಕಾಮನ್ ರೈಲ್ ಗಾಡಿಯಲ್ಲಿ ರಿಟರ್ನ್ ಒತ್ತುವುದಾಗಲಿ ಮುಚ್ಚುವುದಾಗಲಿ ಕೂಡದು. ಪಂಪಿನ ಸೀಲ್ ಹಾರಿಹೋಗುತ್ತದೆ.

ಸ್ವಲ್ಪ ದೂರ ಓಡಿ ನಿಲ್ಲುತ್ತದೆ, ಹತ್ತು ನಿಮಿಷ ಬಿಟ್ಟರೆ ಮತ್ತೆ ಓಡುತ್ತದೆ

ಇದು ನನ್ನ ಕಥೆ. ನಾಲ್ಕನೇ ಸಲ ನಿಂತಾಗ ಕ್ಲೀನರ್ ಹುಡುಗ ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟ. "ಅಣ್ಣಾ, ಒಳಗೆ ಏನೋ ಬೆಳ್ಳಗೆ ತೇಲ್ತಾ ಇದೆ ನೋಡಿ" ಅಂದ. ಕೊಕ್ಕೆ ಮಾಡಿದ ತಂತಿ ಬಿಟ್ಟು ಎಳೆದರೆ ಆಯಿಲ್ ಡಬ್ಬಿಯ ಬಾಯಿಗೆ ಅಂಟಿಸಿರುತ್ತಾರಲ್ಲ, ಆ ಬೆಳ್ಳಿ ಹಾಳೆ. ಅಂಗೈ ಅಗಲ ಕೂಡ ಇರಲಿಲ್ಲ. ಒಂದು ಕಡೆ ಜಾಲರಿಯ ಅಚ್ಚು ದುಂಡಗೆ ಬಿದ್ದಿತ್ತು.

ಎಂಜಿನ್ ಎಳೆಯುವಾಗ ಆ ಹಾಳೆ ಹೋಗಿ ಜಾಲರಿಗೆ ಅಂಟಿಕೊಳ್ಳುತ್ತದೆ. ಏರಿನಲ್ಲಿ ಪಂಪ್ ಡೀಸೆಲ್ ಎಳೆಯುವುದು ಜಾಸ್ತಿ, ಅಂಟು ಇನ್ನೂ ಬಿಗಿ. ಎಂಜಿನ್ ನಿಂತರೆ ಎಳೆತ ಸಡಿಲ, ಹಾಳೆ ಕಳಚಿ ತೇಲುತ್ತದೆ. ಮತ್ತೆ ಸ್ಟಾರ್ಟ್. ದೊಡ್ಡ ಫೀಡ್ ಪಂಪ್ ಹಾಕಿದ ಮೇಲೂ ಗಾಡಿ ನಿಂತದ್ದು ಯಾಕೆ ಅಂತ ಅವತ್ತು ಅರ್ಥವಾಯಿತು.

ನಿಂತು ಕಾದರೆ ಸರಿಯಾಗುವ ಗಾಡಿಯಲ್ಲಿ ಮೊದಲು ಟ್ಯಾಂಕ್ ನೋಡಿ. ಆಮೇಲೆ ಮುಚ್ಚಳದ ಉಸಿರುತೂತು. ಎರಡಕ್ಕೂ ಖರ್ಚಿಲ್ಲ.

ಬಿಸಿಯಾದ ಮೇಲೆ ಸ್ಟಾರ್ಟ್ ಆಗಲ್ಲ

ಬೆಳಗ್ಗೆ ಸಲೀಸು. ಊಟಕ್ಕೆ ಅರ್ಧ ಗಂಟೆ ನಿಲ್ಲಿಸಿ ಬಂದರೆ ಸೆಲ್ಫ್ ಹೊಡೆದದ್ದೇ ಬಂತು. ಇದು ಮೇಲಿನದಕ್ಕೆ ತದ್ವಿರುದ್ಧ ಲಕ್ಷಣ. ಬಿಸಿ ಡೀಸೆಲ್ ತೆಳ್ಳಗಾಗಿ ಸವೆದ ಸಂದಿಯಲ್ಲಿ ನುಸುಳಿಹೋಗುತ್ತದೆ, ಸೆಲ್ಫ್ ವೇಗಕ್ಕೆ ಒತ್ತಡ ಕಟ್ಟುವುದೇ ಇಲ್ಲ. ಸಾಲು ಪಂಪಿನ ಬದಲು ರೋಟರಿ ಪಂಪ್ ಇರುವ ಹಳೆಯ ಗಾಡಿಗಳಲ್ಲಿ ಇದು ಸಾಮಾನ್ಯ. ಎಂಜಿನ್ ಆಫ್ ಇರುವಾಗ ಒದ್ದೆ ಬಟ್ಟೆಯನ್ನು ಪಂಪ್ ಮೇಲೆ ಹತ್ತು ನಿಮಿಷ ಹೊದಿಸಿ. ಆಗ ಸ್ಟಾರ್ಟ್ ಆದರೆ ಪಂಪ್ ಒಳಗೆ ಸವೆದಿದೆ. ಓಡುತ್ತಿರುವ ಬಿಸಿ ಪಂಪ್ ಮೇಲೆ ತಣ್ಣೀರು ಸುರಿಯಬೇಡಿ, ಜಾಮ್ ಆಗಬಹುದು.

ಈ ಒಂದು ಲಕ್ಷಣದಲ್ಲಿ ಮಾತ್ರ ನಾನೂ ಪಂಪ್ ಅಂಗಡಿಗೆ ಹೋಗಿ ಅನ್ನುತ್ತೇನೆ. ಮನೆಯಲ್ಲಿ ಬಿಚ್ಚುವ ವಸ್ತು ಅಲ್ಲ ಅದು.

ಕಾಮನ್ ರೈಲ್: ಲೈಟ್ ಹತ್ತಿದೆ, ಪವರ್ ಕಟ್ ಆಗಿದೆ

ಸ್ಕ್ಯಾನರ್ ಹಾಕಿಸಿ ಕೋಡ್ ಬರೆದುಕೊಳ್ಳಿ. ಸಣ್ಣ ಗಾಡಿಗಳಲ್ಲಿ ಪಿ0087 ಅಂದರೆ ರೈಲ್ ಒತ್ತಡ ಕಡಿಮೆ, ಪಿ0088 ಅಂದರೆ ಜಾಸ್ತಿ. ದೊಡ್ಡ ಲಾರಿಗಳಲ್ಲಿ ದೋಷ ಯಾವ ಭಾಗದ್ದು ಅಂತ ಹೇಳುವ ಎಸ್‌ಪಿಎನ್ ನಂಬರ್ ಬರುತ್ತದೆ. 94 ಅಂದರೆ ಪಂಪಿಗೆ ಬರುವ ಡೀಸೆಲ್‌ನ ಒತ್ತಡ, 157 ಅಂದರೆ ರೈಲ್ ಒತ್ತಡ, 97 ಅಂದರೆ ಡೀಸೆಲ್‌ನಲ್ಲಿ ನೀರು. ರೈಲ್ ಒತ್ತಡ ಕಡಿಮೆ ಅಂತ ಬಂದ ಕೂಡಲೇ "ಹೈ ಪ್ರೆಷರ್ ಪಂಪ್ ಹೋಗಿದೆ" ಅನ್ನಬೇಡಿ. ಫಿಲ್ಟರ್ ಕಟ್ಟಿದರೂ, ಗಾಳಿ ಸೇರಿದರೂ, ಇಂಜೆಕ್ಟರ್ (ಈ ಗಾಡಿಗಳಲ್ಲಿ ಸಿಲಿಂಡರ್‌ಗೆ ಡೀಸೆಲ್ ಚಿಮ್ಮಿಸುವ ಭಾಗ) ಜಾಸ್ತಿ ರಿಟರ್ನ್ ಬಿಟ್ಟರೂ ಅದೇ ಕೋಡ್.

ಮೇಲೆ ಹೇಳಿದ ಮುಚ್ಚಳ, ನೀರು, ಫಿಲ್ಟರ್, ಗುಳ್ಳೆ ಪರೀಕ್ಷೆಗಳು ಇಲ್ಲಿಗೂ ಸರಿ. ಅದಾದ ಮೇಲೆ ಇಂಜೆಕ್ಟರ್ ರಿಟರ್ನ್ ಅಳತೆ. ಒಂದೊಂದು ಇಂಜೆಕ್ಟರ್‌ನ ರಿಟರ್ನ್ ಪೈಪನ್ನು ಒಂದೊಂದು ಬಾಟಲಿಗೆ ಬಿಟ್ಟು, ಅಷ್ಟೇ ಹೊತ್ತು ಓಡಿಸಿ, ಸಾಲಾಗಿ ಇಟ್ಟು ನೋಡುವುದು. ಐದು ಬಾಟಲಿ ಒಂದೇ ಮಟ್ಟ, ಆರನೆಯದು ಮೂರು ಪಟ್ಟು ತುಂಬಿದೆ ಅಂದರೆ ಬೇರೆ ಸಾಕ್ಷಿ ಬೇಕಾ? ಇದನ್ನು ತಿಳಿದವರ ಕೈಯಲ್ಲೇ ಮಾಡಿಸಿ. ರಿಟರ್ನ್ ಪೈಪ್ ಎಂಜಿನ್ನಿನ ತಲೆಯೊಳಗೇ ಇರುವ ಗಾಡಿಗಳೂ ಇವೆ.

ಫಿಲ್ಟರ್ ಬಿಚ್ಚಿದಾಗ ಡೀಸೆಲನ್ನು ಬಿಳಿ ಬಟ್ಟೆ ಮೇಲೆ ಸುರಿದು ಬಿಸಿಲಿಗೆ ಹಿಡಿಯಿರಿ. ಮಿರಮಿರ ಮಿಂಚುವ ಲೋಹದ ಪುಡಿ ಕಂಡರೆ ಅಲ್ಲೇ ನಿಲ್ಲಿಸಿ, ಮತ್ತೆ ಸ್ಟಾರ್ಟ್ ಮಾಡಬೇಡಿ. ಹೈ ಪ್ರೆಷರ್ ಪಂಪ್ ಒಳಗೆ ತಿಂದುಕೊಳ್ಳುತ್ತಿದೆ. ಆ ಪುಡಿ ರೈಲ್, ಇಂಜೆಕ್ಟರ್, ರಿಟರ್ನ್ ಮೂಲಕ ಟ್ಯಾಂಕಿನವರೆಗೂ ಹೋಗಿರುತ್ತದೆ. ಪಂಪ್ ಒಂದನ್ನೇ ಬದಲಿಸಿದರೆ ಹೊಸದನ್ನೂ ಅದೇ ಪುಡಿ ಕೊಲ್ಲುತ್ತದೆ.

ಎಂಜಿನ್ ಆಯಿಲ್ ಮಟ್ಟ ಏರುತ್ತಿದೆ

ಆಯಿಲ್ ಕಡ್ಡಿಯಲ್ಲಿ ಮಟ್ಟ ಮೇಲೆ ಬಂದಿದೆ, ಬೆರಳಲ್ಲಿ ಉಜ್ಜಿದರೆ ನೀರುನೀರು, ಡೀಸೆಲ್ ವಾಸನೆ. ಗಾಡಿ ಓಡಿಸಬೇಡಿ. ಬೇರಿಂಗ್ ಹೋಗುತ್ತದೆ. ಫೀಡ್ ಪಂಪಿನ ದಂಡದ ಸವಕಳಿ, ಪಂಪ್ ಸೀಲ್, ಇಂಜೆಕ್ಟರ್ ಸೀಲ್ ಯಾವುದಾದರೂ ಇರಬಹುದು. ರಿಟರ್ನ್ ಕಟ್ಟಿಕೊಂಡಿದ್ದರೂ ಒತ್ತಡ ಏರಿ ಸೀಲ್ ದಾಟುತ್ತದೆ. ಆದ್ದರಿಂದ ಸೀಲ್ ಬದಲಿಸುವ ದಿನವೇ ರಿಟರ್ನ್ ಪೈಪನ್ನು ಟ್ಯಾಂಕಿನವರೆಗೂ ಊದಿ ನೋಡಿಸಿ. ಬಿಎಸ್ 6 ಗಾಡಿಯಲ್ಲಿ ಸೈಲೆನ್ಸರ್ ಫಿಲ್ಟರ್‌ನಲ್ಲಿ ಕೂತ ಮಸಿ ಸುಡುವ ಕೆಲಸ ಅರ್ಧಕ್ಕೆ ನಿಲ್ಲುತ್ತಿದ್ದರೂ ಆಯಿಲಿಗೆ ಡೀಸೆಲ್ ಸೇರಬಹುದು.

ದೊಡ್ಡ ಪಂಪ್ ಹಾಕಿಸಿದ್ದೇವೆ, ಈಗ ಹೊಸ ತೊಂದರೆ

ಕಂಪನಿ ಕೊಟ್ಟ ಪವರ್‌ನಲ್ಲೇ ಲೋಡ್ ಎಳೆಯುವ ಲಾರಿಗೆ ದೊಡ್ಡ ಫೀಡ್ ಪಂಪ್ ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಪಂಪ್ ಸೆಟ್ಟಿಂಗ್, ನಾಝಲ್, ಟರ್ಬೊ ಬದಲಿಸಿದವರಿಗೆ ಅದು ಬೇರೆ ಲೆಕ್ಕ. ಹಳೆ ಫೀಡ್ ಪಂಪಿಗೆ ಬಿಡಿಭಾಗ ಸಿಗದೆ ಎಲೆಕ್ಟ್ರಿಕ್ ಪಂಪ್ ಹಾಕಿಸಿದವರೂ ಇದ್ದಾರೆ. ಬಿಎಸ್ 6 ಗಾಡಿಯಲ್ಲಿ ಇದಕ್ಕೆ ಕೈ ಹಾಕಿದರೆ ವಾರಂಟಿಗೆ ಕುತ್ತು.

ಹಾಕಿಸಿದ ಮೇಲೆ ಐಡ್ಲಿಂಗ್‌ನಲ್ಲೇ ಗೇಜ್ ತುಂಬಾ ಮೇಲೆ ನಿಂತಿದ್ದರೆ ರಿಟರ್ನ್ ಪೈಪ್ ಸಣ್ಣದಾಗಿದೆ. ಬರುವ ಡೀಸೆಲ್ ಜಾಸ್ತಿ ಮಾಡಿ ಹೋಗುವ ದಾರಿ ಹಳೆಯದೇ ಬಿಟ್ಟರೆ ಹೀಗಾಗುತ್ತದೆ. ರಿಟರ್ನ್ ಪೈಪ್, ಬ್ಯಾಂಜೋ ಬೋಲ್ಟಿನ ತೂತು, ಟ್ಯಾಂಕಿನ ನಿಪ್ಪಲ್ ಮೂರೂ ಹೊಂದಬೇಕು. ಮೂರರಲ್ಲಿ ಸಣ್ಣದು ಯಾವುದೋ ಅದೇ ನಿಮ್ಮ ಪೈಪಿನ ಅಳತೆ.

ಟ್ಯಾಂಕಿನಲ್ಲಿ ನೊರೆ ಎದ್ದು ಗುಳ್ಳೆ ಬರುತ್ತಿದ್ದರೆ ರಿಟರ್ನ್ ಎಲ್ಲಿ ಬೀಳುತ್ತಿದೆ ನೋಡಿ. ಮೇಲಿನಿಂದ ಜಲಪಾತದ ಹಾಗೆ ಎಳೆಯುವ ಪೈಪಿನ ಪಕ್ಕದಲ್ಲೇ ಬಿದ್ದರೆ ನೊರೆಯನ್ನೇ ಪಂಪ್ ಕುಡಿಯುತ್ತದೆ. ಎಳೆಯುವ ಪೈಪಿನಿಂದ ದೂರಕ್ಕೆ, ಡೀಸೆಲ್ ಒಳಗೆ ಮುಳುಗುವ ಹಾಗೆ ಬಿಡಿ. ಪೈಪ್ ಉಳಿಸಲು ರಿಟರ್ನನ್ನು ಫೀಡ್ ಲೈನಿಗೇ ಸೇರಿಸುವವರಿದ್ದಾರೆ. ಬಿಸಿಯೂ ಗಾಳಿಯೂ ಅಲ್ಲಲ್ಲೇ ಸುತ್ತುತ್ತವೆ, ಬೇಡ.

ಎಲೆಕ್ಟ್ರಿಕ್ ಪಂಪ್ ಗಂಟೆ ಓಡಿದ ಮೇಲೆ ಕಿರುಚುತ್ತದೆ, ಒತ್ತಡ ಬೀಳುತ್ತದೆ ಅಂದರೆ ಅದನ್ನು ಎತ್ತರದಲ್ಲಿ ಕೂರಿಸಿದ್ದಾರೆ. ಆ ಜಾತಿ ತಳ್ಳುವುದರಲ್ಲಿ ಶೂರ, ಎಳೆಯುವುದರಲ್ಲಿ ಅಷ್ಟಕ್ಕಷ್ಟೆ. ಟ್ಯಾಂಕಿನ ಹತ್ತಿರ, ಡೀಸೆಲ್ ಮಟ್ಟಕ್ಕಿಂತ ಕೆಳಗೆ ಇರಬೇಕು. ಆಮೇಲೆ ಪಂಪ್ ಓಡುತ್ತಿರುವಾಗಲೇ ಅದರ ಟರ್ಮಿನಲ್‌ನಲ್ಲಿ ವೋಲ್ಟ್ ಅಳೆಯಿರಿ. ಬ್ಯಾಟರಿಯಲ್ಲಿ 24 ಮೀರಿ ಇದ್ದು ಇಲ್ಲಿ 21 ತೋರಿಸಿದರೆ ವೈರ್ ಸಣ್ಣದು ಅಥವಾ ಅರ್ತ್ ಲೂಸು. 12 ವೋಲ್ಟ್ ಪಂಪನ್ನು ಒಂದೇ ಬ್ಯಾಟರಿಯಿಂದ ಕೊಡಿಸಿದ್ದರೆ ಎರಡು ಬ್ಯಾಟರಿಗಳ ಸಮತೋಲ ಕೆಟ್ಟು ಎರಡೂ ಹಾಳಾಗುತ್ತವೆ.

ಫ್ಯೂಸ್, ರಿಲೇ ಜೊತೆಗೆ ಇನ್ನೊಂದು ಇರಲೇಬೇಕು: ಎಂಜಿನ್ ನಿಂತರೆ ಪಂಪೂ ನಿಲ್ಲುವ ವ್ಯವಸ್ಥೆ. ಆಯಿಲ್ ಪ್ರೆಷರ್ ಸ್ವಿಚ್ ಮೂಲಕ ಮಾಡಿಸಬಹುದು. ಗಾಡಿ ಮಗುಚಿ ಪೈಪ್ ಹರಿದಾಗ ಕೀ ಆನ್ ಇದೆ ಅಂತ ಪಂಪ್ ಡೀಸೆಲ್ ಚಿಮ್ಮಿಸುತ್ತಲೇ ಇರಬಾರದಲ್ಲ. ಪರೀಕ್ಷೆಗೆ ಕೀ ಆನ್ ಮಾಡಿ ಎಂಜಿನ್ ಸ್ಟಾರ್ಟ್ ಮಾಡದೆ ಕಿವಿಗೊಡಿ. ಕೆಲವು ಸೆಕೆಂಡಿನಲ್ಲಿ ಪಂಪ್ ಸದ್ದು ನಿಲ್ಲದಿದ್ದರೆ ವೈರಿಂಗ್ ಮಾಡಿದವರ ಹತ್ತಿರ ಗಾಡಿ ವಾಪಸ್ ಒಯ್ಯಿರಿ.

ಪಂಪ್ ಅಂಗಡಿಗೆ ಹೋಗಲೇಬೇಕಾದರೆ

ಹೊಗೆಯ ಬಣ್ಣ, ಗೇಜ್ ಅಂಕಿ, ಕ್ಯಾನ್ ಪರೀಕ್ಷೆಯ ಫಲ, ಕೋಡ್ ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಪಂಪ್ ಬಿಚ್ಚುವ ಮೊದಲೇ ಟೆಸ್ಟ್ ಬೆಂಚ್ ಮೇಲೆ ಕೂರಿಸಿ ಅಳತೆ ಬರೆದುಕೊಡಿ ಅನ್ನಿ. ರಿಪೇರಿ ಆದ ಮೇಲಿನ ಅಳತೆಯನ್ನೂ ಅದೇ ಹಾಳೆಯಲ್ಲಿ ಬರೆಸಿ. ತೆಗೆದ ಹಳೆ ಸಾಮಾನು ಚೀಲಕ್ಕೆ ಹಾಕಿಸಿಕೊಂಡು ಬನ್ನಿ.